ಬದನೆಕಾಯಿಯ ಹಸು

ಚಂಡಮಾರುತ ಬರುತ್ತಿದೆ, ಮಧ್ಯಾಹ್ನ ಎರಡರ ಮೇಲೆ ರೈಲುಗಳು ಓಡುವುದಿಲ್ಲ ಎಂದು ರೈಲ್ವೆಯವರು ಹಿಂದಿನ ದಿನವೇ ಸಾರಿದ್ದರು. ಅದನ್ನು ಕೇಳಿಯೂ ಊಟದ ಆಸೆಗೆ ಟೋಕಿಯೋ ಪಕ್ಕದ ಸಗಮಿಹಾರಾದ ಅಹಲ್ಯಾ ಆಂಟಿಯ ಮನೆಗೆ ಹೊರಟ ಬುದ್ಧಿವಂತರು ನಾವು ಮೂವರು: ಶ್ರಾವ್ಯಾ ಎಂಬ ನಾನು, ಶಿನಾಗಾವಾದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ವಿಘ್ನೇಶ್, ಅವನ ಒಂಬತ್ತು ವರ್ಷದ ಮಗಳು ಅಮೂಲ್ಯ. ವಿಘ್ನೇಶನ ಹೆಂಡತಿ ತಂಗಿಯ ಸೀಮಂತಕ್ಕೆಂದು ಬೆಂಗಳೂರಿಗೆ ಹೋಗಿ ಹತ್ತು ದಿನವಾಗಿತ್ತು. ಅಪ್ಪ ಮಗಳು ಕೊಂಬಿನಿ ಅಂಗಡಿಯ ಅನ್ನದುಂಡೆ ತಿಂದು ತಿಂದು ಸೋತಿದ್ದರು.

ನನಗೆ ಊಟದ ಜೊತೆಗೆ ಒಂದು ಕತೆಯೂ ಬೇಕಿತ್ತು. ಮಿನಾಟೋದ ಒಂದು ಸ್ಟುಡಿಯೋದಲ್ಲಿ ಕತೆಗಳನ್ನು ಹುಡುಕಿ ತಿದ್ದುವುದು ನನ್ನ ಕೆಲಸ. ಅಮೆರಿಕದ ದಕ್ಷಿಣ ರಾಜ್ಯಗಳ ಜೌಗು ನೆಲದಲ್ಲಿ ಹುಟ್ಟಿದ ದೆವ್ವದ ಕತೆಗಳನ್ನು ಆಧಾರವಾಗಿಟ್ಟುಕೊಂಡು ಎಂಟು ಕಂತುಗಳ ಒಂದು ಸರಣಿ ತಯಾರಾಗುತ್ತಿತ್ತು. ಕಂತಿಗೊಂದು ಕತೆ, ಕತೆಗೊಂದು ಜೌಗು. ಏಳು ಸಿಕ್ಕಿದ್ದವು. ಎಂಟನೆಯದು ಜಪಾನಿನದಾಗಬೇಕು, ಸೋಮವಾರ ನಿರ್ಮಾಪಕ ಮೊರಿಯಾಮಾ-ಸಾನ್ ಅವರ ಮೇಜಿನ ಮೇಲಿರಬೇಕು. ಅವರು ನಿಯಮಗಳನ್ನೂ ಬರೆದು ಕೊಟ್ಟಿದ್ದರು. ಮುಳುಗಿ ಸತ್ತ ಹೆಣ್ಣೊಬ್ಬಳು ಇರಬೇಕು, ಅವಳ ಸಾವಿಗೆ ಒಂದು ಪ್ರೇಮ ಕಾರಣವಾಗಿರಬೇಕು, ಏಳನೆಯ ನಿಮಿಷಕ್ಕೆ ಅವಳ ದೆವ್ವ ಮೊದಲ ಕೊಲೆ ಮಾಡಬೇಕು.

ಅಹಲ್ಯಾ ಆಂಟಿಗೆ ಎಪ್ಪತ್ತೊಂದು. ಮೈಸೂರಿನವರು. ಕೃಷಿ ಕಾಲೇಜಿನಲ್ಲಿ ಮೂವತ್ತು ವರ್ಷ ಮಣ್ಣಿನ ಪಾಠ ಹೇಳಿ, ಐವತ್ತೆಂಟಕ್ಕೆ ಕೆಲಸ ಬಿಟ್ಟ ತಿಂಗಳಲ್ಲೇ, ನೆಂಟರೆಲ್ಲ ಬೇಡವೆಂದರೂ ಕೇಳದೆ, ಜೌಗು ಮಣ್ಣಿನ ಸಂಶೋಧನೆಗೆಂದು ಜಪಾನಿಗೆ ಬಂದವರು ಹಿಂತಿರುಗಲೇ ಇಲ್ಲ. ಈಗಲೂ ವಾರಕ್ಕೆ ಎರಡು ದಿನ ಇಲ್ಲಿನ ಬಾಹ್ಯಾಕಾಶ ಸಂಶೋಧನಾ ಕೇಂದ್ರಕ್ಕೆ ಹೋಗಿ, ಚಂದ್ರನ ಮಣ್ಣಿನಂತೆ ತಯಾರಿಸಿದ ಪುಡಿಯಲ್ಲಿ ಅಲ್ಲಿಗೆ ಕಳಿಸುವ ಬಂಡಿಯ ಗಾಲಿ ಎಷ್ಟು ಹೂತುಕೊಳ್ಳುತ್ತದೆ ಎಂದು ಅಳೆದು ಕೊಡುತ್ತಾರೆ. ಅವರಿಗೆ ಎದುರು ಮಾತಾಡುವ ಧೈರ್ಯ ಟೋಕಿಯೋದ ಕನ್ನಡಿಗರಲ್ಲಿ ಯಾರಿಗೂ ಇಲ್ಲ.

ಊಟಕ್ಕೆ ಕೋಸಂಬರಿ, ಹುಳಿ, ಎಣ್ಣೆಗಾಯಿ. ಬದನೆಕಾಯಿಗಳನ್ನು ಆಂಟಿ ತಾವೇ ಆರಿಸಿ ಬಡಿಸಿದರು. ವಿಘ್ನೇಶನಿಗೆ ಚಿಕ್ಕವು ಮೂರು, ನನಗೆ ಒಂದೇ ಒಂದು, ಆದರೆ ದಪ್ಪದ್ದು. ಅದರ ಹೊಟ್ಟೆಯಲ್ಲಿ ನಾಲ್ಕು ಸಣ್ಣ ತೂತುಗಳಿದ್ದವು. ಮಸಾಲೆ ಇಳಿಯಲೆಂದು ಚುಚ್ಚಿರಬೇಕು ಅಂದುಕೊಂಡು ತೊಟ್ಟಿನವರೆಗೂ ತಿಂದೆ. ಅಮೂಲ್ಯ ಮಾತ್ರ ಎಣ್ಣೆಗಾಯಿ ಮುಟ್ಟದೆ ಕಿಟಕಿಯ ಕಟ್ಟೆಯನ್ನೇ ನೋಡುತ್ತಿದ್ದಳು. ಅಲ್ಲಿ ನಾಲ್ಕು ಕಡ್ಡಿಗಳ ಕಾಲಿನ ಮೇಲೆ ಒಂದು ಸೌತೆಕಾಯಿ ನಿಂತಿತ್ತು.

"ಉಶಿ ವಾ?" ಎಂದಳು. ಹಸು ಎಲ್ಲಿ ಎಂದು ಜಪಾನಿಯಲ್ಲಿ ಕೇಳುತ್ತಿದ್ದಳು.

"ಸೌತೆಕಾಯಿ ನೋಡಿ ಹಸು ಎಲ್ಲಿ ಅಂತಾಳೆ," ಎಂದು ವಿಘ್ನೇಶ್ ನಕ್ಕ. "ಸ್ಕೂಲಲ್ಲಿ ಕ್ರಾಫ್ಟ್ ಜಾಸ್ತಿ ಆಯ್ತು ಇವಳಿಗೆ."

ಆಂಟಿ ನಗಲಿಲ್ಲ. "ಹೇಳ್ತೀನಿ ಪುಟ್ಟಿ, ಊಟ ಮುಗೀಲಿ," ಎಂದರು.

ಊಟ ಮುಗಿಯುವ ಹೊತ್ತಿಗೆ ಮಳೆ ಕಿಟಕಿಗೆ ಅಡ್ಡಡ್ಡ ಹೊಡೆಯತೊಡಗಿತು. ರೈಲು ನಿಂತಿತು. ಮೂರು ಗಂಟೆಗೇ ಕತ್ತಲಾದಂತಾಗಿ ಆಂಟಿ ದೀಪ ಹಾಕಿದರು. ನಾನು ಸರಣಿಯ ವಿಷಯ ಹೇಳಿದೆ, ನಿಯಮಗಳನ್ನೂ ಓದಿದೆ. ಏಳೂ ಕತೆಗಳಲ್ಲಿ ಹೆಣ್ಣು ಹೀಗೇ ಮುಳುಗಿ ಹೀಗೇ ಕೊಲ್ಲುತ್ತಾಳೋ ಎಂದು ಆಂಟಿ ಕೇಳಿದರು. ಹೌದೆಂದೆ. ಅವರ ಮುಖ ಕೆಂಪಾಯಿತು. ಫೋನು ಮುಂದಿಟ್ಟು ರೆಕಾರ್ಡ್ ಮಾಡಿಕೋ ಎಂದರು. ಅವರು ಹೇಳಿದ್ದನ್ನು ಹಾಗೆಯೇ ಇಲ್ಲಿ ಇಳಿಸಿದ್ದೇನೆ. ತಿದ್ದಿ ಕೊಡು ಎಂದು ಮೊರಿಯಾಮಾ-ಸಾನ್ ಮೂರು ಸಲ ಹೇಳಿದರು, ಆಗುವುದಿಲ್ಲ ಎಂದು ನಾನೂ ಮೂರು ಸಲ ಹೇಳಿದೆ.

"ಮೊದ್ಲೇ ಹೇಳ್ಬಿಡ್ತೀನಿ, ನಿಮ್ಮ ಏಳನೇ ನಿಮಿಷಕ್ಕೆ ನನ್ನ ಕತೇಲಿ ಯಾರೂ ಸಾಯಲ್ಲ. ಸಾಯ್ಬೇಕಾದೋಳು, ನಾನು ಅಲ್ಲಿಗೆ ಹೋಗೋಕೆ ಅರವತ್ತು ವರ್ಷ ಮುಂಚೇನೇ ಸತ್ತಾಗಿತ್ತು. ಊರಿನ ಹೆಸರು ಕೇಳ್ಬೇಡಿ, ಹೇಳಿದ್ರೆ ನಾಳೇನೇ ಕ್ಯಾಮರಾ ಎತ್ಕೊಂಡು ಓಡ್ತೀರ. ಉತ್ತರಕ್ಕೆ ರೈಲಲ್ಲಿ ಮೂರು ಗಂಟೆ, ಆಮೇಲೆ ದಿನಕ್ಕೆ ಎರಡೇ ಸಲ ಓಡೋ ಒಂದು ಬಸ್ಸು... ಆ ಬಸ್ಸು ನಿಲ್ಲೋ ಕಡೆ ಮೂವತ್ತೆಂಟು ಮನೆ, ಮನೆಗಳ ಹಿಂದೆ ಜೌಗು. ಕುರೊನುಮಾ ಅಂತ ಇಟ್ಕೊಳ್ಳಿ, ಕರೀ ಜೌಗು. ಅಲ್ಲಿ ಮಣ್ಣು ಅನ್ನೋದೇ ಇಲ್ಲ. ಸಾವಿರಾರು ವರ್ಷದ ಹುಲ್ಲು ಕೊಳೀದೇ ಕಪ್ಪಗಾಗಿ ಒಂದರ ಮೇಲೊಂದು ಕೂತಿದೆ. ನೀರು ಹುಳಿ, ಒಳಗೆ ಗಾಳಿ ಹೋಗಲ್ಲ. ಅದರೊಳಗೆ ಬಿದ್ದಿದ್ದು ಕೊಳೆಯಲ್ಲ... ಇದೊಂದು ಮಾತು ನೆನಪಿಟ್ಕೊಳ್ಳಿ.

"ನಾನು ಬಂದ ಮೊದಲನೇ ವರ್ಷ ಅದು. ಜಪಾನೀಸಲ್ಲಿ ಒಟ್ಟು ಮೂವತ್ತು ಮಾತು ಬರ್ತಿತ್ತು, ಅದ್ರಲ್ಲೂ ಹತ್ತಕ್ಕೆ ಒಂಬತ್ತು ಸಲ ಹೇಳ್ತಿದ್ದಿದ್ದು ಸುಮಿಮಾಸೆನ್, ಕ್ಷಮಿಸಿ ಅನ್ನೋದೊಂದೇ. ಜೌಗಿನ ಗ್ಯಾಸ್ ಅಳೆದು, ಮಣ್ಣಿನ ರಿಪೋರ್ಟ್ ಬರೀರಿ ಅಂತ ಯೂನಿವರ್ಸಿಟಿಯೋರು ಕಳಿಸಿದ್ರು. ರಿಪೋರ್ಟ್ ಯಾಕೆ? ಯಾವುದೋ ಕಂಪನಿ ಜೌಗು ಮುಚ್ಚಿ ಗೋಡೌನ್ ಕಟ್ಟೋದಿತ್ತು. ಅಲ್ಲಿ ಹುಲ್ಲು ಬಿಟ್ರೆ ಬೇರೇನೂ ಇಲ್ಲ ಅಂತ ನಾನು ಬರೆದು ಮುದ್ರೆ ಒತ್ತಿದ್ರೆ ಸಾಕು, ಲಾರಿಗಳು ಕಾಯ್ತಾ ಇದ್ವು. ಆಗಸ್ಟ್ ಇಪ್ಪತ್ತು ಕೊನೇ ದಿನ.

"ಉಳ್ಕೊಂಡಿದ್ದು ಫುಮಿ-ಸಾನ್ ಅನ್ನೋ ಅಜ್ಜಿ ಮನೇಲಿ. ಎಂಬತ್ತೊಂದು ವರ್ಷ, ಮದುವೆ ಆಗಿರಲಿಲ್ಲ, ಒಬ್ಬರೇ ಇದ್ರು. ಅವರಿಗೊಬ್ಬಳು ತಂಗಿ, ಕಿಯೋ ಅಂತ. ಹತ್ತೊಂಬತ್ತನೇ ವಯಸ್ಸಲ್ಲಿ ಒಂದು ಸಂಜೆ ಮನೆಯಿಂದ ಹೋದೋಳು ಬರಲೇ ಇಲ್ಲ. ಊರಿಗೆ ಬರ್ತಿದ್ದ ಔಷಧಿ ಮಾರೋನ ಜೊತೆ ಓಡಿ ಹೋದ್ಲು ಅಂದ್ರು. ಮೊದಲು ಅಂದಿದ್ದು ಪಕ್ಕದ್ಮನೆಯ ಒಬ್ಬ... ಅವಳು ಅವನ ಜೊತೆ ಹೋಗೋದನ್ನ ನಾನೇ ಕಣ್ಣಾರೆ ನೋಡ್ದೆ ಅಂದನಂತೆ. ಅಷ್ಟು ಸಾಕಲ್ಲ? ಅಪ್ಪ ಅವಳ ಹೆಸರೇ ಎತ್ತಬಾರದು ಅಂದ. ಮನೆಯ ಪೂಜೆ ಗೂಡಲ್ಲಿ ಹೆಸರಿಲ್ಲ, ಗೋರಿ ಮೇಲೆ ಹೆಸರಿಲ್ಲ. ಫುಮಿ-ಸಾನ್ ಒಬ್ಬರು ಮಾತ್ರ, ಇಲ್ಲ, ನನ್ನ ತಂಗಿ ಓಡಿ ಹೋಗಿಲ್ಲ, ಜೌಗಲ್ಲಿದಾಳೆ ಅಂತ ಅರವತ್ತು ವರ್ಷ ಹೇಳ್ತಾನೇ ಇದ್ರು. ಯಾರು ಕೇಳ್ತಾರೆ? ಲಾರಿ ಬರೋಕೆ ಮುಂಚೆ ಅವಳದ್ದು ಒಂದೇ ಒಂದು ಮೂಳೆ ಸಿಗಲಿ, ಗೋರಿ ಮೇಲೆ ಹೆಸರು ಹಾಕಿಸ್ತೀನಿ ಅಂತಿದ್ರು. ಡಿಕ್ಷನರಿ ಮಿಷನ್ ಒಂದಿತ್ತು ಆಗ, ಅದ್ರಲ್ಲಿ ಪದ ಒತ್ತಿ ಒತ್ತಿ ಇದನ್ನೆಲ್ಲ ನನಗೆ ಹೇಳಿದ್ರು. ನಾನು ಗ್ಯಾಸ್ ಅಳೆಯೋಳು, ನನಗ್ಯಾಕೆ ಅಂತ ಸುಮ್ಮನಿದ್ದೆ. ಈಗ ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ.

"ಆಗಸ್ಟ್ ಹದಿಮೂರಕ್ಕೆ ಇವರ ಒಬೋನ್ ಶುರು. ನಮ್ಮ ಪಿತೃಪಕ್ಷ ಇದ್ದ ಹಾಗೆ, ಸತ್ತೋರು ಮನೆಗೆ ಬಂದು ಹದಿನಾರಕ್ಕೆ ವಾಪಸ್ ಹೋಗ್ತಾರೆ. ಅಷ್ಟು ಗೊತ್ತಿತ್ತು ನನಗೆ, ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಹದಿನೈದಕ್ಕೆ ಫುಮಿ-ಸಾನ್ ಗುಡಿಗೆ ಹೋಗಿದ್ರು. ನನಗೆ ಬಾಯಿ ಕೆಟ್ಟು ಹೋಗಿತ್ತು ಕಣ್ರೇ! ಮೂರು ವಾರದಿಂದ ತಣ್ಣನೆ ತೋಫು, ಅನ್ನ, ಯಾವುದರಲ್ಲಿ ಮೀನು ಹಾಕಿದಾರೋ ಅನ್ನೋ ಭಯ ಬೇರೆ. ಅಡುಗೆಮನೆ ಹಿಂಬಾಗಿಲ ಮೆಟ್ಟಿಲ ಮೇಲೆ ಒಂದು ಸೌತೆಕಾಯಿ, ಒಂದು ಬದನೆಕಾಯಿ ಇತ್ತು. ಎರಡಕ್ಕೂ ನಾಲ್ಕು ನಾಲ್ಕು ಕಡ್ಡಿ ಚುಚ್ಚಿತ್ತು. ಸೌತೆಕಾಯಿ ಬಾಡಿತ್ತು, ಬಿಟ್ಟೆ. ಬದನೆಕಾಯಿ ಮಾತ್ರ ಮಿರಿ ಮಿರಿ ಅಂತಿತ್ತು. ನಾವು ಬದನೆಕಾಯಿ ಸುಡೋಕೆ ಮುಂಚೆ ಸಿಡೀಬಾರದು ಅಂತ ಕಡ್ಡೀಲಿ ಚುಚ್ಚಲ್ವಾ? ಪಾಪ, ಅಜ್ಜಿ ಸುಡೋಕೆ ಅಂತ ಚುಚ್ಚಿಟ್ಟು ಮರೆತಿದಾರೆ ಅಂದ್ಕೊಂಡೆ. ಮೈಸೂರಿಂದ ತಂದ ಪುಡಿ ಇತ್ತು, ಕಡಲೆಕಾಯಿ ಬೀಜ ಇತ್ತು, ಎಳ್ಳು ಇತ್ತು. ಕಡ್ಡಿ ಕಿತ್ತು ಎಸೆದೆ, ಎಣ್ಣೆಗಾಯಿ ಮಾಡಿದೆ. ಅಜ್ಜಿಗೆ ಅರ್ಧ ಇಡೋಣ ಅಂದ್ಕೊಂಡೋಳು... ಪೂರ್ತಿ ನಾನೇ ಮುಗಿಸಿದೆ.

"ಫುಮಿ-ಸಾನ್ ಬಂದು ಮೆಟ್ಟಿಲು ನೋಡಿದ್ರು, ನನ್ನ ತಟ್ಟೆ ನೋಡಿದ್ರು. ಅಲ್ಲೇ ಕೂತು ಮಿಷನ್ ತಗೊಂಡು ಒಂದೊಂದೇ ಪದ ಒತ್ತಿದ್ರು. ಸೌತೆಕಾಯಿ ಕುದುರೆಯಂತೆ, ಸತ್ತೋರು ಅದರ ಮೇಲೆ ಕೂತು ಬೇಗ ಬರಲಿ ಅಂತ. ಬದನೆಕಾಯಿ ಹಸುವಂತೆ, ವಾಪಸ್ ಹೋಗೋವಾಗ ನಿಧಾನವಾಗಿ ಹೋಗಲಿ ಅಂತ. ತಂಗಿಗೆ ಪೂಜೆ ಗೂಡಲ್ಲಿ ಜಾಗ ಇಲ್ಲವಲ್ಲ, ಅಪ್ಪನ ಕಣ್ಣು ತಪ್ಪಿಸಿ ಹಿಂಬಾಗಿಲಲ್ಲಿ ಇಡ್ತಿದ್ರು, ಅಪ್ಪ ಸತ್ತ ಮೇಲೂ ಅದೇ ಅಭ್ಯಾಸ ಉಳೀತು. ಹುಟ್ಟಿದಾಗಿಂದ ಮೊಟ್ಟೆ ಮುಟ್ಟದೋಳು ನಾನು... ಆ ಹುಡುಗಿ ವಾಪಸ್ ಹೋಗೋ ಹಸುನೇ ತಿಂದು ಕೂತಿದ್ದೆ!

"ಬೈತಾರೆ ಅಂದ್ಕೊಂಡೆ. ಬೈಯಲಿಲ್ಲ, ನಕ್ಕರು. ಅರವತ್ತು ವರ್ಷ ನಾನೇ ಅವಳನ್ನ ಕೈಯಾರೆ ಆ ಕೆಸರಿಗೆ ವಾಪಸ್ ಕಳಿಸ್ತಾ ಬಂದೆ, ಈ ಸಲ ಹೋಗೋದು ಬೇಡ ಬಿಡಿ ಅಂದ್ರು. ಹದಿನಾರರ ಸಂಜೆ ಊರೋರೆಲ್ಲ ಸತ್ತೋರನ್ನ ಕಳಿಸೋಕೆ ಮನೆ ಮುಂದೆ ಸಣ್ಣ ಸಣ್ಣ ಬೆಂಕಿ ಹಚ್ಚಿದ್ರು. ಫುಮಿ-ಸಾನ್ ಹಚ್ಚಲಿಲ್ಲ. ಹಿಂಬಾಗಿಲೂ ಹಾಕಲಿಲ್ಲ.

"ಇನ್ನೂ ಬೆಳಕಿತ್ತು. ಜೌಗಿನ ಆ ಕೊನೇಲಿ, ನೀರಿನಿಂದ ಒಂದು ಮೊಳ ಮೇಲೆ, ನೀಲಿಗೆ ಒಂದು ದೀಪ. ಉರೀತಾ, ನಿಲ್ತಾ, ಮನೆ ಕಡೆಗೇ ಬರ್ತಿದೆ..."

"ಕೊಳ್ಳಿದೆವ್ವ ಅಂತಾರಲ್ಲ, ಅದಾ?" ಎಂದ ವಿಘ್ನೇಶ್. "ಅದು ಮೀಥೇನ್ ಅಲ್ವಾ ಆಂಟಿ? ಸಿಂಪಲ್ ಕೆಮಿಸ್ಟ್ರಿ."

"ಮೂವತ್ತು ವರ್ಷ ನಾನೂ ಅದೇ ಪಾಠ ಮಾಡಿದ್ದು ಕಣೋ. ನಮ್ಮಜ್ಜಿ ಕೊಳ್ಳಿದೆವ್ವ ಅಂದ್ರೆ ನಗ್ತಿದ್ದೆ. ಅವತ್ತೂ ಹೆದರಲಿಲ್ಲ, ಗ್ಯಾಸ್ ಮೀಟರ್ ಎತ್ಕೊಂಡು ಮೆಟ್ಟಿಲಿಗೆ ಹೋದೆ. ದೀಪ ನನ್ನಿಂದ ನಾಲ್ಕು ಹೆಜ್ಜೆ ದೂರ ಬಂತು. ಮೀಟರ್ ನೋಡ್ದೆ. ಸೊನ್ನೆ. ತಟ್ಟಿ ನೋಡ್ದೆ... ಸೊನ್ನೆ. ಗಾಳೀಲಿ ಉರಿಯೋಕೆ ಏನೂ ಇಲ್ಲ ವಿಘ್ನೇಶ್, ಆದ್ರೂ ಉರೀತಿದೆ. ಈಗ ಹೇಳು ನಿನ್ನ ಕೆಮಿಸ್ಟ್ರಿ."

ಅಮೂಲ್ಯ ಅಪ್ಪನ ತೊಡೆಯ ಹತ್ತಿರ ಸರಿದು ಕೂತಳು.

"ಮಾರನೇ ದಿನ ಬೆಳಿಗ್ಗೆ ಎದ್ರೆ, ಹಿಂಬಾಗಿಲಿಂದ ನನ್ನ ಹಾಸಿಗೆವರೆಗೂ ಕರೀ ಕೆಸರಿನ ಹೆಜ್ಜೆ. ಚಿಕ್ಕ ಕಾಲು, ಬರಿಗಾಲು. ಬಂದಿದ್ದ ಹೆಜ್ಜೆ ಇತ್ತು, ಹೋಗಿದ್ದ ಹೆಜ್ಜೆ ಇಲ್ಲ... ಹಾಗಾದ್ರೆ ಬಂದೋಳು ಎಲ್ಲಿ? ಒರೆಸಿ ಕೆಲಸಕ್ಕೆ ಹೋದೆ. ಜೌಗಿನ ಅಂಚಲ್ಲಿ ನಡೀತಾ ನಡೀತಾ ಯಾಕೋ ಕಾಲು ಎತ್ತೋಕೆ ಆಗ್ತಿಲ್ಲ. ಹಿಂದೆ ತಿರುಗಿ ನನ್ನ ಹೆಜ್ಜೆ ನೋಡ್ಕೊಂಡೆ. ಅಳೆಯೋದು ನನ್ನ ಕಸುಬು, ಸ್ಕೇಲ್ ಜೇಬಲ್ಲೇ ಇರುತ್ತೆ. ಆ ಮಣ್ಣಲ್ಲಿ ನನ್ನ ಹೆಜ್ಜೆ ಮೂರು ವಾರದಿಂದ ಏಳು ಸೆಂಟಿಮೀಟರ್ ಇಳೀತಿತ್ತು. ಅವತ್ತು ಹನ್ನೊಂದು. ನಾನಿದ್ದಿದ್ದು ಐವತ್ತೆರಡು ಕೆಜಿ. ಹನ್ನೊಂದು ಸೆಂಟಿಮೀಟರ್ ಇಳೀಬೇಕಾದ್ರೆ ತೊಂಬತ್ತೈದು ಕೆಜಿ ಬೇಕು. ಮಿಕ್ಕ ನಲವತ್ತಮೂರು ಯಾರದ್ದು? ಒಂದು ಹತ್ತೊಂಬತ್ತು ವರ್ಷದ ಹುಡುಗೀದು... ಹಸು ನನ್ನ ಹೊಟ್ಟೇಲಿತ್ತಲ್ಲ, ಅವಳು ನನ್ನ ಬೆನ್ನ ಮೇಲೆ ಕೂತಿದ್ಲು.

"ಹೆದರಿದೆ. ಯಾಕೆ ಸುಳ್ಳು ಹೇಳ್ಲಿ? ಬಸ್ಸು ಹತ್ತಿ ಓಡಿ ಹೋಗೋಣ ಅಂತ ಬ್ಯಾಗೂ ಕಟ್ಟಿದೆ. ಹದಿನೆಂಟಕ್ಕೆ ಬಸ್ ಸ್ಟಾಪಿಗೆ ಹೊರಟಿದ್ದೆ, ಅಷ್ಟರಲ್ಲಿ ಬಿಳೀ ಹೆಲ್ಮೆಟ್ ಹಾಕಿದ ಒಬ್ಬರು ಕಾರಲ್ಲಿ ಬಂದ್ರು, ಕಂಪನಿಯೋರು. ಭಾಳ ಮರ್ಯಾದಸ್ಥರು, ಬಗ್ಗಿ ಬಗ್ಗಿ ಮಾತಾಡ್ತಾರೆ. ರಿಪೋರ್ಟ್ ಅವರೇ ಟೈಪ್ ಮಾಡ್ಕೊಂಡು ಬಂದಿದ್ರು! ಹುಲ್ಲು ಬಿಟ್ಟು ಬೇರೇನೂ ಇಲ್ಲ ಅಂತ. ಮುದ್ರೆ ಒತ್ತಿ ಅಂದ್ರು. ನಮ್ಮ ಪ್ರೊಫೆಸರೂ ಫೋನ್ ಮಾಡಿ, ನಿಮ್ಮ ವೀಸಾ ನಮ್ಮ ಕೈಲಿದೆ, ಯೋಚನೆ ಮಾಡಿ ಅಂದ್ರು. ಫುಮಿ-ಸಾನ್ ಬಾಗಿಲಲ್ಲಿ ನಿಂತು ಎಲ್ಲ ನೋಡ್ತಿದ್ರು. ನನಗೆ ಎಲ್ಲಿಂದ ಬಂತೋ ಸಿಟ್ಟು! ನೆಂಟರು ಈ ವಯಸ್ಸಲ್ಲಿ ಯಾಕೆ ಹೋಗ್ತೀಯ ಅಂದಾಗ ಬಂದಿತ್ತಲ್ಲ, ಅದೇ ಸಿಟ್ಟು. ಅಲ್ಲಾ, ಒಂದು ಹುಡುಗಿ ಕೆಸರಲ್ಲಿದಾಳೆ, ಊರೆಲ್ಲ ಅವಳಿಗೆ ಓಡಿ ಹೋದೋಳು ಅಂತ ಹೆಸರಿಟ್ಟಿದೆ, ಅವಳ ಮೇಲೆ ಸಿಮೆಂಟ್ ಹಾಕೋಕೆ ನನ್ನ ಮುದ್ರೆ ಬೇಕಾ? ಸುಮಿಮಾಸೆನ್ ಅಂದೆ, ಬಗ್ಗಿದೆ. ಮತ್ತೆ ಅಂದೆ, ಮತ್ತೆ ಬಗ್ಗಿದೆ. ಮೂರನೇ ಸಲಾನೂ ಅಂದೆ. ಮುದ್ರೆ ಮಾತ್ರ ಒತ್ತಲಿಲ್ಲ.

"ಹತ್ತೊಂಬತ್ತಕ್ಕೆ ಬೆಳಿಗ್ಗೆ ಕೊರೆಯೋ ಕೊಳವೆ ಹೆಗಲ ಮೇಲೆ ಇಟ್ಕೊಂಡೆ. ಜೌಗಿನ ಆಳದ ಮಣ್ಣು ಮೇಲೆ ತೆಗೆಯೋ ಉಕ್ಕಿನ ಕೊಳವೆ. ನೀರಿನ ಅಂಚಲ್ಲಿ ನಿಂತು ಕನ್ನಡದಲ್ಲೇ ಕೂಗಿ ಹೇಳ್ದೆ... ನೋಡಮ್ಮಾ ಕಿಯೋ, ನಿನ್ನ ಹಸುನ ತಿಂದಿದ್ದು ನಾನು, ತಪ್ಪಾಯ್ತು. ನಾನೇ ನಿನ್ನ ಹೊತ್ಕೊಂಡು ಹೋಗ್ತೀನಿ. ಆದ್ರೆ ಸುಮ್ಮನೆ ಹೋಗಿ ಮಲಗೋಕಲ್ಲ. ನಿನ್ನ ಜಾಗ ಬಂದಾಗ ಇಳಿ, ನನಗೆ ಗೊತ್ತಾಗೋ ಹಾಗೆ ಇಳಿ ಅಂದೆ.

"ನಡೆದೆ. ಹತ್ತು ಹೆಜ್ಜೆಗೊಂದು ಸಲ ನಿಂತು ಅಳೆದೆ. ಹನ್ನೊಂದು. ಹನ್ನೊಂದು. ಮೊಣಕಾಲವರೆಗೂ ನೀರು ಬಂದು ಹೋಯ್ತು, ಜೊಂಡು ಬಂತು, ಮತ್ತೆ ಮೆತ್ತನೆ ನೆಲ... ಹನ್ನೊಂದು. ಮೂರು ಗಂಟೆ ನಡೆದೆ ಕಣ್ರೇ, ಬೆನ್ನು ಮುರೀತಿತ್ತು. ಒಂದು ಬಗ್ಗಿದ ಮರ ಇತ್ತು, ಅದನ್ನ ದಾಟಿ ಕಾಲಿಟ್ಟೆ... ಹಗುರ. ಉಸಿರು ಸಲೀಸಾಯ್ತು. ತಿರುಗಿ ಸ್ಕೇಲ್ ಇಟ್ಟೆ. ಏಳು.

"ಹಿಂದಿನ ಹೆಜ್ಜೆ ಹನ್ನೊಂದು, ಈ ಹೆಜ್ಜೆ ಏಳು. ಆ ಎರಡು ಹೆಜ್ಜೆ ನಡುವೆ ಕೊಳವೆ ಇಳಿಸಿದೆ. ಮೊದಲನೇ ಸಲ ಹುಲ್ಲು. ಎರಡನೇ ಸಲ ಹುಲ್ಲು. ಮೂರನೇ ಸಲ ಎರಡು ಮೀಟರ್ ಕೆಳಗಿಂದ ನೀಲಿ ಬಟ್ಟೆಯ ಚೂರು ಬಂತು, ಅದಕ್ಕೆ ಸುತ್ಕೊಂಡು ಉದ್ದನೇ ಕೂದಲು. ಆ ನೀರಲ್ಲಿ ಕರೀ ಕೂದಲು ಕೆಂಪಾಗುತ್ತೆ, ಗೊತ್ತಾ? ಅಲ್ಲೇ ಕೆಸರಲ್ಲಿ ಕೂತು ಅತ್ತುಬಿಟ್ಟೆ.

"ಪೊಲೀಸರು ಬಂದ್ರು, ತೆಗೆದ್ರು. ಹೇಳಿದ್ನಲ್ಲ, ಅಲ್ಲಿ ಕೊಳೆಯಲ್ಲ... ಹತ್ತೊಂಬತ್ತು ವರ್ಷದ ಹುಡುಗಿ, ಮುಖ ಹಾಗೇ ಇದೆ, ರೆಪ್ಪೆ ಹಾಗೇ ಇದೆ, ಚರ್ಮ ಮಾತ್ರ ಟೀ ಬಣ್ಣ. ಎಂಬತ್ತೊಂದು ವರ್ಷದ ಅಕ್ಕ ಪಕ್ಕದಲ್ಲಿ ಮಂಡಿಯೂರಿ ಕೂತು, ನೀನು ಹಾಗೇ ಇದೀಯಲ್ಲೇ, ನನ್ನ ನೋಡು ಹೇಗಾಗಿದೀನಿ ಅಂದ್ರು. ಕಿಯೋ ಸೊಂಟದ ಬಟ್ಟೇಲಿ ಒಂದು ಸೀಸೆ ಕಟ್ಟಿಕೊಂಡಿದ್ಲು, ಔಷಧಿ ಸೀಸೆ, ಮುಚ್ಚಳ ಬಿಗಿಯಾಗೇ ಇತ್ತು. ಅವತ್ತು ಫುಮಿ-ಸಾನ್‌ಗೆ ಜೋರು ಜ್ವರವಂತೆ. ಔಷಧಿ ಮಾರೋನ ಹತ್ರ ಹೋಗಿದ್ದು ನಿಜ, ಔಷಧಿ ತಗೊಂಡು ಜೌಗಿನ ಅಡ್ಡದಾರೀಲಿ ಓಡಿ ವಾಪಸ್ ಬರ್ತಿದ್ಲು. ಮನೆಗೇ ಬರ್ತಿದ್ಲು ಕಣ್ರೇ.

"ಆಮೇಲೆ ಆ ಅಜ್ಜಿ ಏನು ಮಾಡಿದ್ರು ಕೇಳಿ. ಪೇಟೆಗೆ ಹೋಗಿ ಮೂವತ್ತೇಳು ಡಬ್ಬ ಸಿಹಿ ತಂದ್ರು. ಒಳ್ಳೇ ಕಿಮೋನೋ ಉಟ್ಕೊಂಡು ತಮ್ಮ ಮನೆ ಬಿಟ್ಟು ಮೂವತ್ತೇಳು ಮನೆಗೂ ಹೋಗಿ, ಬಗ್ಗಿ, ಎರಡೂ ಕೈಲಿ ಡಬ್ಬ ಕೊಟ್ಟು, ನಮ್ಮ ತಂಗಿಯ ವಿಷಯವಾಗಿ ಅರವತ್ತು ವರ್ಷ ತಾವು ಭಾಳ ಮಾತಾಡಿ ದಣಿದಿದೀರಿ, ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ, ಅವಳು ಸಿಕ್ಕಿದ್ಲು ಅಂತ ಹೇಳಿ ಬಂದ್ರು. ತಲೆ ಎತ್ತೋಕೆ ಯಾರಿಗೂ ಆಗಲಿಲ್ಲ. ಒಬ್ಬನನ್ನ ಬಿಟ್ಟು... ನಾನೇ ಕಣ್ಣಾರೆ ನೋಡ್ದೆ ಅಂದಿದ್ದನಲ್ಲ ಪಕ್ಕದ್ಮನೆಯೋನು, ಎಂಬತ್ತೈದು ವರ್ಷದ ಮುದುಕ ಆಗಿದ್ದ. ಡಬ್ಬ ಇಸ್ಕೊಂಡು, ಆ ಔಷಧಿ ಮಾರೋನ ಜೊತೆ ಹೋಗಿ, ಅವನು ಬಿಟ್ಟ ಮೇಲೆ ಬಂದು ಬಿದ್ದಿರ್ತಾಳೆ ಅಂದ. ಅವತ್ತು ರಾತ್ರಿ ಅವನ ಮನೇಲಿ ಏನಾಯ್ತೋ ಯಾರಿಗೂ ಗೊತ್ತಿಲ್ಲ. ಬೆಳಿಗ್ಗೆ ಅವನು ರಸ್ತೇಲಿ ಕೂತಿದ್ದ. ಬಾಯಿ ತುಂಬ ಕರೀ ಕೆಸರು. ಮೂರು ದಿನ ಉಗುಳಿದ, ಖಾಲಿ ಆಗಲಿಲ್ಲ."

"ಸತ್ತನಾ?" ಎಂದೆ ನಾನು. ಏಳನೆಯ ನಿಮಿಷದ ನೆನಪು ನನಗೆ ಇನ್ನೂ ಹೋಗಿರಲಿಲ್ಲ.

"ಯಾಕೆ ಸಾಯ್ತಾನೆ? ಇನ್ನೂ ಆರು ವರ್ಷ ಗಟ್ಟಿಮುಟ್ಟಾಗಿ ಬದುಕಿದ. ಮಾತಾಡಲಿಲ್ಲ, ಅಷ್ಟೆ. ಅವಳು ಯಾರನ್ನೂ ಕೊಂದಿಲ್ಲ ಶ್ರಾವ್ಯಾ, ಅದನ್ನ ಚೆನ್ನಾಗಿ ಬರ್ಕೋ. ಅವಳಿಗೆ ಸುಳ್ಳು ಸೇರಲ್ಲ.

"ಗೋರಿ ಮೇಲೆ ಹೆಸರು ಬಂತು. ಲಾರಿಗಳು ಬರಲಿಲ್ಲ, ಕಂಪನಿ ಬೇರೆ ಊರು ನೋಡ್ಕೊಂಡಿತು. ಯೂನಿವರ್ಸಿಟಿಯೋರು ನನ್ನ ಕಾಂಟ್ರ್ಯಾಕ್ಟ್ ಮುಂದುವರಿಸಲಿಲ್ಲ. ಬೇಡ ಬಿಡಿ ಅಂದು ಬೇರೆ ಕೆಲಸ ಹುಡುಕ್ಕೊಂಡೆ. ಊರು ಬಿಡೋ ದಿನ ಫುಮಿ-ಸಾನ್ ಬಸ್ ಸ್ಟಾಪಿಗೆ ಬಂದ್ರು. ಮಳೆ ಬಂದು ನಿಂತಿತ್ತು. ನಾನು ಬಸ್ ಹತ್ತಿದ ಮೇಲೆ ಅವರು ರಸ್ತೆ ಪಕ್ಕದ ಕೆಸರನ್ನೇ ನೋಡ್ತಾ ನಿಂತ್ರು. ಕಿಟಕಿಯಿಂದ ನಾನೂ ನೋಡ್ದೆ. ನನ್ನ ಹೆಜ್ಜೆ ಎಷ್ಟು ಆಳ ಇಳಿದಿತ್ತು ಅಂದ್ರೆ... ಅಳೆಯೋದೇ ಬೇಕಿರಲಿಲ್ಲ. ಫುಮಿ-ಸಾನ್ ತಲೆ ಎತ್ತಿ ನನ್ನ ಬೆನ್ನ ಹಿಂದೆ ನೋಡಿ ಕೈ ಬೀಸಿದ್ರು.

"ಕಳಿಸಿಬಿಡಿ, ಹೋಗಬೇಕಾದೋರು ಹೋಗಬೇಕು ಅಂತ ಒಬ್ಬ ಗುಡಿಯ ಗುರುಗಳು ಹೇಳಿದ್ರು. ಯಾಕೆ ಹೋಗಬೇಕು? ಹತ್ತೊಂಬತ್ತು ವರ್ಷದ ಹುಡುಗಿ, ಅರವತ್ತು ವರ್ಷ ಕೆಸರಲ್ಲಿದ್ದೋಳು, ಹೊರಗೆ ಬಂದ ತಕ್ಷಣ ಗೋರಿಗೆ ನಡಿ ಅಂದ್ರೆ ಹೋಗ್ತಾಳಾ? ನಾನಾಗಿದ್ರೂ ಹೋಗ್ತಿರಲಿಲ್ಲ. ನಾನು ಕೂತ್ನಾ ಹೇಳಿ, ಐವತ್ತೆಂಟಕ್ಕೆ ಮನೇಲಿ ಕೂತ್ಕೋ ಅಂದಾಗ? ಫುಮಿ-ಸಾನ್ ಎಂಬತ್ತೆಂಟಕ್ಕೆ ಹೋದ್ರು. ಆಮೇಲೂ ಪ್ರತಿ ಒಬೋನ್‌ಗೆ ಆ ಕಿಟಕೀಲಿ ಕುದುರೆ, ಹಸು ಎರಡೂ ಇಡ್ತೀನಿ. ಹೋಗೋದಾದ್ರೆ ಹೋಗಮ್ಮಾ, ನಿನ್ನಿಷ್ಟ ಅಂತೀನಿ. ಹೋಗಲ್ಲ. ಹದಿಮೂರು ವರ್ಷ ಹೊತ್ತಿದೀನಿ, ಬೇಜಾರಿಲ್ಲ. ಆದ್ರೆ ಮೊಣಕಾಲು ಹೋಯ್ತು. ಹೋದ ತಿಂಗಳು ಡಾಕ್ಟರು ಭಾರ ಹೊರಬೇಡಿ ಅಂದ್ರು. ಅಷ್ಟು ಏನು ಹೊರ್ತೀರ ಅಂತಾನೂ ಕೇಳಿದ್ರು... ಏನು ಹೇಳ್ಲಿ?"

ಆಂಟಿ ನಿಲ್ಲಿಸಿದರು. ಹೊರಗೆ ಗಾಳಿ ಇಳಿದಿತ್ತು, ಮಳೆ ನೇರವಾಗಿ ಬೀಳುತ್ತಿತ್ತು. ಅಮೂಲ್ಯ ಮತ್ತೆ ಕಿಟಕಿಯ ಕಟ್ಟೆಯತ್ತ ಬೆರಳು ತೋರಿಸಿದಳು. ಸೌತೆಕಾಯಿಯ ಕುದುರೆ ಒಂದೇ ನಿಂತಿತ್ತು.

"ಉಶಿ ವಾ?" ಎಂದಳು.

ಆಂಟಿ ಸೆರಗಿನ ತುದಿಯ ಗಂಟು ಬಿಚ್ಚಿ ನಾಲ್ಕು ಕಡ್ಡಿಗಳನ್ನು ತೆಗೆದು ನನ್ನ ಮುಂದೆ ಸಾಲಾಗಿ ಇಟ್ಟರು. ನನ್ನ ಬದನೆಕಾಯಿಯ ನಾಲ್ಕು ತೂತುಗಳು ನೆನಪಾದವು. ಏಳಲು ಹೋದೆ, ಮೈ ಭಾರವಾಗಿತ್ತು. ವಿಘ್ನೇಶ್ ಕಡ್ಡಿಗಳನ್ನೂ ನನ್ನನ್ನೂ ನೋಡಿ ಮಗಳನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡ.

"ಆಂಟಿ... ಇವತ್ತು ಹದಿನಾರು," ಎಂದೆ.

"ಹೂಂ, ಹದಿನಾರು. ನಾನೂ ಕೇಳದೆ ತಿಂದೆ, ನೀನೂ ಕೇಳದೆ ತಿಂದೆ. ಕೇಳಿದ್ದು ಈ ಮಗು ಒಂದೇ. ಹೆದರ್ಬೇಡ ಕಣೇ, ಅವಳು ಒಳ್ಳೇ ಹುಡುಗಿ. ಮಿನಾಟೋ ಸರಿಯಾಗಿ ನೋಡಿಲ್ಲ, ಎತ್ತರದ ಬಿಲ್ಡಿಂಗ್ ಅಂದ್ರೆ ಇಷ್ಟ ಅವಳಿಗೆ. ಸೋಮವಾರ ನಿನ್ನ ಮೀಟಿಂಗಲ್ಲಿ ಸುಮ್ಮನೆ ಕೂತಿರ್ತಾಳೆ. ಆ ಮೊರಿಯಾಮಾ-ಸಾನ್ ಇವಳಿಗೊಬ್ಬ ಪ್ರಿಯಕರ ಇರಲಿ, ಏಳನೇ ನಿಮಿಷಕ್ಕೆ ಇವಳ ಕೈಲಿ ಒಂದು ಕೊಲೆ ಆಗಲಿ ಅಂತಾರೆ. ಆಗಲ್ಲ ಅನ್ನು. ಬಗ್ಗಿ ಅನ್ನು, ಸುಮಿಮಾಸೆನ್ ಸೇರಿಸಿ ಅನ್ನು, ಆದ್ರೆ ಆಗಲ್ಲ ಅಂತಾನೇ ಅನ್ನು. ಅನ್ನದೇ ನೀನೇ ಆ ಸುಳ್ಳನ್ನ ಬರ್ಕೊಟ್ರೆ... ಕೆಸರು ಅವರ ಬಾಯಿಗೆ ಬರುತ್ತೋ ನಿನ್ನ ಬಾಯಿಗೋ, ಅದು ನನ್ನ ಕೈಲಿಲ್ಲ. ರೈಲು ಶುರುವಾದ ಮೇಲೆ ನಿಧಾನವಾಗಿ ಹೊರಡು. ಸ್ಟೇಷನ್ ದಾರೀಲಿ ಪಾರ್ಕಿದೆಯಲ್ಲ, ಮಳೆಗೆ ಮಣ್ಣು ಮೆತ್ತಗಾಗಿರುತ್ತೆ. ಅಲ್ಲಿ ಹತ್ತು ಹೆಜ್ಜೆ ನಡೆದು, ತಿರುಗಿ ನಿಂತು, ಎಷ್ಟು ಇಳಿದಿದೆ ನೋಡ್ಕೋ... ಇಗೋ, ಸ್ಕೇಲ್ ತಗೊಂಡು ಹೋಗು."